ಎಲೆ ಹಿಂದಿನ ಹಕ್ಕಿಯ ಲೆಕ್ಕ: ಮಳೆಕಾಡಿನಲ್ಲಿ ಹಕ್ಕಿ ಎಣಿಸುವುದು ಹೇಗೆ?

ಮಾವಿನ ಕಾಯಿ ನೆಲ್ಲಿಕಾಯಿ ಗಾತ್ರಕ್ಕೆ ಬಂದ ಹೊತ್ತಿಗೆ ಧಾರವಾಡದ ಸುತ್ತಲಿನ ತೋಟಗಳಿಗೆ ಕೇಣಿ, ಅಂದರೆ ಗಿಡದ ಮೇಲಿನ ಫಸಲಿನ ಗುತ್ತಿಗೆ, ಹಿಡಿಯುವವರು ಬರುತ್ತಾರೆ. ಕೆಲಗೇರಿ ಕಡೆಯ ಒಂದು ತೋಟದಲ್ಲಿ ಅಂಥ ಹಿರಿಯರೊಬ್ಬರ ಹಿಂದೆ ನಾನು ಅರ್ಧ ತಾಸು ಸುಮ್ನೆ ಅಡ್ಡಾಡಿದ್ದೆ. ಅವರು ಆಪೂಸಿನ ಒಂದು ಗಿಡದ ಕೆಳಗೆ ನಿಂತರು. ಕೈಗೆ ಸಿಗುವ ಒಂದು ಟೊಂಗೆಯ ಕಾಯಿ ಎಣಿಸಿದರು. ಅಂಥ ಟೊಂಗೆ ಎಷ್ಟಿವೆ ಅಂತ ಕತ್ತೆತ್ತಿ ನೋಡಿದರು. ಗಿಡಕ್ಕೆ ಒಂದು ಸುತ್ತು ಬಂದರು. ಮನಸ್ಸಿನಲ್ಲೇ ಗುಣಿಸಿ ಒಂದು ಸಂಖ್ಯೆ ಹೇಳಿದರು. ನಾನು ಎಣಿಸಿದ್ದಕ್ಕಿಂತ ಅದು ಬಹಳ ಜಾಸ್ತಿ ಇತ್ತು. ಯಾಕೆ ಅಂತ ಕೇಳಿದೆ. "ಎಲಿ ಹಿಂದಿನ ಕಾಯಿ ಕಣ್ಣಿಗೆ ಬೀಳೂದಿಲ್ಲರಿ. ಅದನ್ನೂ ಹಿಡೀಬೇಕಲ್ಲ?" ಅಂದರು.

ಈ ಮಾತು ಮತ್ತೆ ನೆನಪಾದದ್ದು ಕೆಲಗೇರಿ ಕೆರೆ ದಂಡೆಯ ಮೇಲೆ. ಫೆಬ್ರುವರಿಯ ಹಕ್ಕಿ ಎಣಿಕೆಗೆ ನಾಲ್ಕೈದು ಮಂದಿ ಸೇರಿದ್ದೆವು. ಬೆಳಗಿನ ವಾಕಿಂಗ್‌ಗೆ ಬಂದಿದ್ದ ಪರಿಚಯದವರೊಬ್ಬರು ಮೊಬೈಲ್ ತೋರಿಸಿದರು. ಹವಾಮಾನ ಬದಲಾವಣೆಯಿಂದ ಮಳೆಕಾಡಿನ ಹಕ್ಕಿಗಳು ಕಡಿಮೆಯಾಗುತ್ತಿವೆ ಎಂಬ ಸುದ್ದಿ ಅದು. ಓದಿ ಮುಗಿಸಿ ಅವರು ಕೇಳಿದರು: "ಅಲ್ರೀ, ಇದನ್ನ ಎಣಿಸಿದವ್ರು ಯಾರು? ಕೆರ್‍ಯಾಗ ಇರೋದು ಎಣಿಸಬಹುದು. ಆ ಕಾಡಾಗ ಗಿಡಗಿಡ ಹತ್ತಿ ನೋಡ್ಯಾರೇನು?"

ಇದು ಕೇಳಲೇಬೇಕಾದ ಪ್ರಶ್ನೆ. ಸಂಖ್ಯೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲದಿದ್ದರೆ ನಂಬುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ. ಕೆರೆ ದಂಡೆಯಲ್ಲಿ ಎರಡು ನಿಮಿಷದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ನಲ್ಲಿಗೂ ಆ ಕಾಡಿಗೂ ಏನು ಸಂಬಂಧ?

ವರ್ಷವಿಡೀ ಎಲೆ ಹಸಿರಾಗಿಯೇ ಇರುವ, ಜಾಸ್ತಿ ಮಳೆ ಬೀಳುವ, ಎತ್ತರದ ಮರಗಳು ಒತ್ತೊತ್ತಾಗಿ ಬೆಳೆದ ಕಾಡಿಗೆ ಮಳೆಕಾಡು ಅನ್ನುತ್ತಾರೆ. ಶಾಲೆಯ ಪುಸ್ತಕದಲ್ಲಿ ನಿತ್ಯಹರಿದ್ವರ್ಣದ ಕಾಡು ಅಂತ ಓದಿರುತ್ತೇವೆ. ಮಳೆಕಾಡು ಅಂದ ಕೂಡಲೇ ಅಮೆಜಾನ್ ನೆನಪಾಗುತ್ತದೆ. ಆದರೆ ಹುಬ್ಬಳ್ಳಿ-ಧಾರವಾಡದಿಂದ ಪಶ್ಚಿಮಕ್ಕೆ ಹೊರಟರೆ ಎರಡು-ಮೂರು ತಾಸಿನಲ್ಲಿ ಅಂಥ ಕಾಡು ಸಿಗುತ್ತದೆ. ದಾಂಡೇಲಿ ಸುತ್ತ ಹೆಚ್ಚಾಗಿ ಎಲೆ ಉದುರಿಸುವ ಕಾಡು. ಇನ್ನೂ ಮುಂದೆ, ಕ್ಯಾಸಲ್‌ರಾಕ್, ಅಣಶಿ, ಕಣಕುಂಬಿ ಕಡೆ ಹೋದರೆ ಕಾಡಿನ ಬಣ್ಣವೇ ಬದಲಾಗುತ್ತದೆ.

ಕಣಕುಂಬಿಯಲ್ಲಿ ಮಲಪ್ರಭಾ ಹುಟ್ಟುತ್ತದೆ. ಅದರ ನೀರು ಸವದತ್ತಿಯ ರೇಣುಕಾಸಾಗರಕ್ಕೆ ಬಂದು, ಅಲ್ಲಿಂದ ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಬರುತ್ತದೆ. ಹಾನಗಲ್ಲ, ಹಾವೇರಿ ಕಡೆ ಹರಿಯುವ ವರದಾ ಕೂಡ ಸಾಗರ ತಾಲ್ಲೂಕಿನ ಮಲೆನಾಡಿನಲ್ಲಿ ಹುಟ್ಟಿದ್ದು. ಕಾಡು ಉಳಿಯಬೇಕಾದರೆ ಬೀಜ ಹರಡಬೇಕು. ದೊಡ್ಡ ಕಾಯಿಯ ಬೀಜವನ್ನು ನುಂಗಿ, ದೂರ ಒಯ್ದು ಉಗುಳುವ ಕೆಲಸ ಮಂಗಟ್ಟೆಯಂಥ (ಹಾರ್ನ್‌ಬಿಲ್) ದೊಡ್ಡ ಕೊಕ್ಕಿನ ಹಕ್ಕಿಗಳದ್ದು. ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಅವು ಎಷ್ಟಿವೆ ಎಂಬ ಲೆಕ್ಕ ಆ ಕಾಡಿನ ಆರೋಗ್ಯದ ಲೆಕ್ಕವೂ ಹೌದು.

ಎಣಿಕೆ ಬೇರೆ, ಅಂದಾಜು ಬೇರೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯದ ಆಚೆ, ಟಿಬೆಟ್, ಮಂಗೋಲಿಯಾ ಕಡೆಯಿಂದ ಬರುವ ದೊಡ್ಡ ಹಕ್ಕಿ. ಹೊಲದಲ್ಲಿ ಮೇಯ್ದು ಬಂದು ಬಯಲು ನೀರಿನ ಮೇಲೆ ಕೂರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜಲತಾಣಗಳ ಪಟ್ಟಿಗೆ ಸೇರಿತು. ಇಲ್ಲಿ ಎಣಿಕೆ ಸರಳ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತರ ಗುಂಪು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿಗೆ ಕಟ್ಟಿಕೊಳ್ಳಬೇಕು. ಆಮೇಲೆ ಹತ್ತು, ಇಪ್ಪತ್ತು, ಮೂವತ್ತು ಅಂತ ಗುಂಪಿನ ಮೇಲೆ ಕಣ್ಣು ಸರಿಸುತ್ತ ಹೋಗಬೇಕು. ಗುಂಪು ದೊಡ್ಡದಿದ್ದರೆ ನೂರರ ಲೆಕ್ಕ. ಏಷ್ಯಾದಾದ್ಯಂತ 1987ರಿಂದ ಪ್ರತಿ ಜನವರಿ ನಡೆಯುವ ನೀರಹಕ್ಕಿ ಗಣತಿ ಹೆಚ್ಚು ಕಡಿಮೆ ಹೀಗೇ ನಡೆಯುತ್ತದೆ.

ಮಳೆಕಾಡಿನಲ್ಲಿ ಇದು ನಡೆಯುವುದಿಲ್ಲ. ಮರದ ತುದಿ ಮೂವತ್ತು ಮೀಟರ್ ಮೇಲೆ. ಕೆಳಗೆ ಹಗಲಲ್ಲೂ ಮಬ್ಬು. ಹಕ್ಕಿ ಅಂಗೈಯಷ್ಟು. ಅದೂ ಎಲೆಯ ಬಣ್ಣದ್ದೇ ಇರಬಹುದು. ಹೆಣ್ಣು ಮಂಗಟ್ಟೆಯಂತೂ ಮೊಟ್ಟೆಯಿಡುವ ಕಾಲಕ್ಕೆ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನೇ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಅದು ಹೊರಗೆ ಕಾಣುವುದಿಲ್ಲ. ಗಂಡು ಮಾತ್ರ ಹಣ್ಣು ತಂದುಕೊಡುತ್ತ ಓಡಾಡುತ್ತಿರುತ್ತದೆ. ಆಗ ಎಣಿಸಿದವರ ಪಟ್ಟಿಯಲ್ಲಿ ಅರ್ಧ ಸಂಸಾರವೇ ಇರುವುದಿಲ್ಲ.

ಆದ್ದರಿಂದ ಅಲ್ಲಿ ಎರಡು ಸಂಗತಿ ತಿಳಿಯಬೇಕು. ಒಂದು, ಎಷ್ಟು ಕಂಡವು. ಎರಡು, ಇದ್ದದ್ದರಲ್ಲಿ ಎಷ್ಟು ಪಾಲು ನಮಗೆ ಕಾಣುತ್ತದೆ. ಈ ಎರಡನೆಯದಕ್ಕೆ ಪತ್ತೆಯ ಸಾಧ್ಯತೆ ಅನ್ನೋಣ. ಲೆಕ್ಕ ಸಣ್ಣದು: ಕಂಡ ಸಂಖ್ಯೆಯನ್ನು ಪತ್ತೆಯ ಸಾಧ್ಯತೆಯಿಂದ ಭಾಗಿಸಬೇಕು. ಹತ್ತು ಹಕ್ಕಿಗಳಲ್ಲಿ ಮೂರು ಮಾತ್ರ ಕಾಣುವ ಜಾಗದಲ್ಲಿ ಮೂವತ್ತು ಕಂಡರೆ, ಅಲ್ಲಿರುವುದು ಸುಮಾರು ನೂರು.

ಈಗ ಮುಂದಿನ ವರ್ಷ ಅದೇ ಜಾಗದಲ್ಲಿ ನಲವತ್ತೈದು ಕಂಡವು ಅಂತಿಟ್ಟುಕೊಳ್ಳಿ. ಹಕ್ಕಿ ಒಂದೂವರೆ ಪಟ್ಟು ಆಯಿತು ಅಂತ ಖುಷಿಪಡಬಹುದೇ? ಆ ವರ್ಷ ಎಲೆ ಜಾಸ್ತಿ ಉದುರಿ, ನೂರಕ್ಕೆ ನಲವತ್ತೈದು ಕಾಣುವಂತಾಗಿದ್ದರೆ? ಆಗಲೂ ಇರುವುದು ನೂರೇ. ಹಕ್ಕಿ ಹೆಚ್ಚಿಲ್ಲ, ಕಂಡದ್ದು ಹೆಚ್ಚಿದೆ. ಮಳೆಕಾಡಿನ ಎಣಿಕೆಯಲ್ಲಿ ಬುದ್ಧಿ ಖರ್ಚಾಗುವುದೆಲ್ಲ ಈ ಎರಡನೆಯ ಸಂಖ್ಯೆ ಹುಡುಕುವುದಕ್ಕೇ.

ದೂರವೇ ಗುಟ್ಟು ಹೇಳುತ್ತದೆ

ಕಾಣದ್ದು ಎಷ್ಟು ಅಂತ ಕಂಡದ್ದರಿಂದಲೇ ತಿಳಿಯುವ ಒಂದು ಉಪಾಯವಿದೆ. ನನಗೆ ಇದು ಬಹಳ ಇಷ್ಟ.

ಕಾಡಿನಲ್ಲಿ ಒಂದು ಕಿಲೋಮೀಟರ್ ನೇರ ದಾರಿ ಗುರುತು ಮಾಡಿ ನಡೆಯಬೇಕು. ಹಕ್ಕಿ ಕಂಡಾಗ, ಕೇಳಿದಾಗ, ದಾರಿಯಿಂದ ಅದು ಎಷ್ಟು ದೂರ ಅಂತ ಬರೆಯಬೇಕು. ಈಗ ದೂರ ಅಳೆಯುವ ಲೇಸರ್ ಉಪಕರಣಗಳೂ ಇವೆ. ನಡಿಗೆ ಮುಗಿದ ಮೇಲೆ ಹತ್ತು ಹತ್ತು ಮೀಟರ್ ಪಟ್ಟಿಗಳಲ್ಲಿ ವಿಂಗಡಿಸಬೇಕು. ತಿಳಿಯಲಿಕ್ಕೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ದಾರಿಯ ಎರಡೂ ಬದಿ ಸೇರಿ ಮೊದಲ ಹತ್ತು ಮೀಟರ್ ಒಳಗೆ 20 ಹಕ್ಕಿ. ಮುಂದಿನ ಹತ್ತರಲ್ಲಿ 14. ಅದರಾಚೆ 8. ಕೊನೆಯ ಹತ್ತರಲ್ಲಿ 4. ಒಟ್ಟು 46.

ದಾರಿಯಿಂದ ದೂರ ಹೋದಂತೆ ಹಕ್ಕಿ ನಿಜಕ್ಕೂ ಕಡಿಮೆ ಇರುತ್ತವೆಯೇ? ಇಲ್ಲ. ನಾವು ಗೆರೆ ಎಳೆದದ್ದು ಹಕ್ಕಿಗಳಿಗೆ ಗೊತ್ತಿಲ್ಲ. ನಾಲ್ಕೂ ಪಟ್ಟಿಗಳಲ್ಲಿ ಅವು ಹೆಚ್ಚು ಕಡಿಮೆ ಸಮನಾಗಿಯೇ ಇರಬೇಕು. ಹತ್ತಿರದ ಪಟ್ಟಿಯಲ್ಲಿ ಎಲ್ಲವೂ ಕಂಡಿವೆ ಅಂತ ಹಿಡಿದರೆ, ಉಳಿದ ಪಟ್ಟಿಗಳಲ್ಲೂ ಇಪ್ಪತ್ತಿಪ್ಪತ್ತು ಇರಬೇಕು. ಅಂದರೆ 80. ನಮಗೆ ತಪ್ಪಿಹೋದದ್ದು 34. ನಾವು ನೋಡಿದ ಜಾಗ 8 ಹೆಕ್ಟೇರ್. ಹೆಕ್ಟೇರಿಗೆ 10 ಹಕ್ಕಿ. ಆ ಬಗೆಯ ಕಾಡು ಒಟ್ಟು ಎಷ್ಟು ಹೆಕ್ಟೇರ್ ಇದೆಯೋ ಅದರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ.

ನಿಜವಾದ ಅಧ್ಯಯನದಲ್ಲಿ ಗಣಿತ ಇನ್ನೂ ನಾಜೂಕಾಗಿರುತ್ತದೆ. ಷರತ್ತುಗಳೂ ಇವೆ. ಗೆರೆಯನ್ನು ರಸ್ತೆಯ ಪಕ್ಕ ಎಳೆಯಬಾರದು, ಅಂಚಿನ ಕಾಡು ಬೇರೆ, ಒಳಗಿನ ಕಾಡು ಬೇರೆ. ನಮ್ಮ ಸಪ್ಪಳಕ್ಕೆ ಹಕ್ಕಿ ಹಾರಿಹೋಗುವ ಮೊದಲೇ ದೂರ ಬರೆಯಬೇಕು. ಗುಡ್ಡದ ಕಾಡಿನಲ್ಲಿ ನೇರ ನಡೆಯಲಾಗದಿದ್ದರೆ ಒಂದು ಕಡೆ ನಿಂತು ಐದೋ ಹತ್ತೋ ನಿಮಿಷ ಸುತ್ತಲೂ ಗಮನಿಸುತ್ತಾರೆ. ಆಗಲೂ ದೂರ ಬರೆಯುವುದು ತಪ್ಪುವುದಿಲ್ಲ.

ಕಡಲೆ ಡಬ್ಬಿಯ ಪ್ರಯೋಗ

ಇನ್ನೊಂದು ದಾರಿ ಗುರುತು ಹಾಕುವುದು. ಇದನ್ನು ನಾನು ಮನೆಯ ಅಡುಗೆಮನೆಯಲ್ಲೇ ಮಕ್ಕಳೊಡನೆ ಮಾಡಿ ನೋಡಿದೆ. ಒಂದು ಡಬ್ಬಿಯಲ್ಲಿ ಕಡಲೆ ಇತ್ತು. ಎಷ್ಟು ಕಾಳು ಅಂತ ಯಾರಿಗೂ ಗೊತ್ತಿಲ್ಲ. ಅದರಿಂದ 60 ಕಾಳು ತೆಗೆದು ಕುಂಕುಮದ ನೀರಲ್ಲಿ ಅದ್ದಿ ಒಣಗಿಸಿದೆವು. ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿದೆವು. ಆಮೇಲೆ ಕಣ್ಣು ಮುಚ್ಚಿ 50 ಕಾಳು ತೆಗೆದೆವು. ಅದರಲ್ಲಿ ಕೆಂಪು ಕಾಳು 6.

ಐವತ್ತರಲ್ಲಿ ಆರು ಅಂದರೆ ನೂರಕ್ಕೆ ಹನ್ನೆರಡು. ಇಡೀ ಡಬ್ಬಿಯಲ್ಲೂ ಕೆಂಪು ಕಾಳು ನೂರಕ್ಕೆ ಹನ್ನೆರಡೇ ಇರಬೇಕು. ಒಟ್ಟು ಕೆಂಪು ಕಾಳು 60 ಅಂತ ಗೊತ್ತು. ಹಾಗಾದರೆ ಡಬ್ಬಿಯಲ್ಲಿ 500. ಆಮೇಲೆ ಚಾಪೆ ಮೇಲೆ ಸುರಿದು ಎಲ್ಲರೂ ಕೂತು ಎಣಿಸಿದೆವು. 478 ಇದ್ದವು. ಐವತ್ತು ಕಾಳು ನೋಡಿ ಇಷ್ಟು ಹತ್ತಿರ ಬಂದದ್ದು ಕಂಡು ಮಕ್ಕಳು ಮತ್ತೊಮ್ಮೆ ಮಾಡೋಣ ಅಂತ ಹಟ ಹಿಡಿದರು. ಎರಡನೇ ಸಲ ಉತ್ತರ ಸ್ವಲ್ಪ ಬೇರೆ ಬಂತು. ಅದೂ ಪಾಠವೇ. ಅದರ ಮಾತು ಮುಂದೆ ಬರುತ್ತದೆ.

ಹಕ್ಕಿಗೆ ಕುಂಕುಮದ ಬದಲು ಕಾಲಿಗೆ ಹಗುರವಾದ ಉಂಗುರ ತೊಡಿಸುತ್ತಾರೆ. ಉಂಗುರಕ್ಕೆ ಸಂಖ್ಯೆ ಇರುತ್ತದೆ. ತೆಳ್ಳಗಿನ ಬಲೆಯಲ್ಲಿ ಹಿಡಿದು, ತೂಕ, ರೆಕ್ಕೆಯ ಉದ್ದ ಬರೆದು ಬಿಟ್ಟುಬಿಡುತ್ತಾರೆ. ಮತ್ತೆ ಬಲೆ ಹಾಕಿದಾಗ ಉಂಗುರದ ಹಕ್ಕಿಗಳು ಎಷ್ಟು ಅಂತ ನೋಡುತ್ತಾರೆ. ಸರ್ಕಾರದ ಅನುಮತಿ, ತರಬೇತಿ ಎರಡೂ ಇಲ್ಲದೆ ಯಾರೂ ಹೀಗೆ ಬಲೆ ಹಾಕುವಂತಿಲ್ಲ.

ಉಪಾಯ ಹಳೆಯದು. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1802ರಲ್ಲಿ ಇದೇ ತರ್ಕದಿಂದ ತನ್ನ ದೇಶದ ಜನಸಂಖ್ಯೆ ಅಂದಾಜು ಮಾಡಿದ. ಡೆನ್ಮಾರ್ಕಿನ ಪೀಟರ್ಸನ್ ಮೀನಿಗೆ ಬಳಸಿದ. ಅಮೆರಿಕದ ಫ್ರೆಡರಿಕ್ ಲಿಂಕನ್ 1930ರಲ್ಲಿ ಬಾತುಕೋಳಿಗಳಿಗೆ ಬಳಸಿದ. ಅದಕ್ಕೇ ಈ ಲೆಕ್ಕಕ್ಕೆ ಲಿಂಕನ್-ಪೀಟರ್ಸನ್ ಅಂತ ಹೆಸರು.

ಬಂದಿಲ್ಲವೋ, ಕಾಣಲಿಲ್ಲವೋ?

ಕೆಲವು ಹಕ್ಕಿ ಎಷ್ಟು ಅಪರೂಪ ಅಂದರೆ ಸಂಖ್ಯೆಯ ಮಾತೇ ಬರುವುದಿಲ್ಲ. ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಒಬ್ಬರ ಮನೆಗೆ ಹೋಗಿ ಬಾಗಿಲು ತಟ್ಟುತ್ತೀರಿ, ಯಾರೂ ತೆರೆಯುವುದಿಲ್ಲ. ಮನೆ ಬಿಟ್ಟು ಹೋಗಿದ್ದಾರೆ ಅನ್ನುತ್ತೀರಾ? ಇನ್ನೆರಡು ಸಲ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡುತ್ತೀರಿ.

ಇಲ್ಲೂ ಹಾಗೇ. ಒಂದು ಹಕ್ಕಿ ಅಲ್ಲಿ ಇದ್ದರೂ ಒಂದು ಭೇಟಿಯಲ್ಲಿ ಕಾಣುವ ಸಾಧ್ಯತೆ ನೂರಕ್ಕೆ 40 ಅಂತಿಟ್ಟುಕೊಳ್ಳಿ. ಮೂರು ಸಲ ಹೋದರೂ ಕಾಣದೇ ಇರುವ ಸಾಧ್ಯತೆ ನೂರಕ್ಕೆ ಸುಮಾರು 22. ಐದು ಸಲ ಹೋದರೆ ಅದು 8ಕ್ಕೆ ಇಳಿಯುತ್ತದೆ. ಆದ್ದರಿಂದ ಹತ್ತಾರು ಜಾಗಗಳಿಗೆ ಪದೇ ಪದೇ ಹೋಗಿ, ಕಂಡದ್ದು, ಕಾಣದ್ದು ಎರಡನ್ನೂ ಬರೆಯುತ್ತಾರೆ. "ಕಾಣಲಿಲ್ಲ" ಅಂತ ಬರೆದ ಸಾಲಿಗೂ ಇಲ್ಲಿ "ಕಂಡಿತು" ಎಂಬ ಸಾಲಿನಷ್ಟೇ ಬೆಲೆ.

ಕಾಡಿನಲ್ಲಿ ಕಿವಿಯೇ ಕಣ್ಣು

ಮಳೆಕಾಡಿನ ಎಣಿಕೆಯಲ್ಲಿ ಬಹುಪಾಲು ಹಕ್ಕಿಗಳು ಸಿಗುವುದು ಕಿವಿಗೆ. ಅದನ್ನು ಕಲಿಯಲು ವರ್ಷಗಳೇ ಬೇಕು. ಇಬ್ಬರು ಪಕ್ಕಪಕ್ಕ ನಿಂತರೂ ಒಬ್ಬರಿಗೆ ಕೇಳಿದ್ದು ಇನ್ನೊಬ್ಬರಿಗೆ ಕೇಳುವುದಿಲ್ಲ. ವಯಸ್ಸಾದಂತೆ ಸಣ್ಣ ಹಕ್ಕಿಗಳ ತೀರ ಕೀಚಲು ದನಿ ಕಿವಿಗೆ ತಪ್ಪುತ್ತದೆ.

ಹಾಗಾಗಿ ಈಗ ಮರಕ್ಕೆ ಸಣ್ಣ ರೆಕಾರ್ಡರ್ ಕಟ್ಟಿಬರುತ್ತಾರೆ. ಆಡಿಯೋಮಾತ್ ಅನ್ನುವ ಒಂದು ಉಪಕರಣ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬೆಳಗಿನ ಎರಡು ತಾಸು ರೆಕಾರ್ಡ್ ಮಾಡು, ಆಮೇಲೆ ಮಲಗು ಅಂತ ಅದಕ್ಕೆ ಮೊದಲೇ ಹೇಳಿಡಬಹುದು. ವಾರಗಳ ನಂತರ ಕಾರ್ಡ್ ತಂದು ಕಂಪ್ಯೂಟರಿಗೆ ಹಾಕುತ್ತಾರೆ. ದನಿ ಕೇಳಿ ಜಾತಿ ಹೇಳುವ ಬರ್ಡ್‌ನೆಟ್‌ನಂಥ ಕಾರ್ಯಕ್ರಮಗಳಿವೆ. ಮಳೆ, ಜಿಗಣೆ, ಆನೆ ಯಾವುದಕ್ಕೂ ಈ ಡಬ್ಬಿ ಹೆದರುವುದಿಲ್ಲ. ಜನ ಹೋಗಲಾಗದ ಜುಲೈ ತಿಂಗಳಲ್ಲೂ ಕೇಳುತ್ತಲೇ ಇರುತ್ತದೆ.

ಆದರೆ ದನಿ ಕೊಡುವುದು ಪೂರ್ತಿ ಲೆಕ್ಕವಲ್ಲ. ಕುಟ್ರು ಹಕ್ಕಿ ಒಂದೇ ಇದ್ದರೂ ಬೆಳಗಿನಿಂದ ನೂರಾರು ಸಲ ಕುಟ್ರು, ಕುಟ್ರು ಅನ್ನುತ್ತದೆ. ನಲವತ್ತು ಕೂಗು ನಲವತ್ತು ಹಕ್ಕಿಯಲ್ಲ. ಎಷ್ಟೋ ಜಾತಿಗಳಲ್ಲಿ ಜೋರಾಗಿ ಹಾಡುವುದು ಗಂಡು. ಇನ್ನು ಭೀಮರಾಜ. ಬಾಲದ ಕೊನೆಗೆ ಎರಡು ಉದ್ದ ತಂತಿ, ಅದರ ತುದಿಗೆ ಗರಿ ಇರುವ ದೊಡ್ಡ ಕಾಜಾಣ. ಅದು ಬೇರೆ ಹಕ್ಕಿಗಳ ದನಿಯನ್ನು ಹಾಗೇ ಎತ್ತಿ ಕೂಗುತ್ತದೆ. ಗಿಡುಗ ಬಂತು ಅಂತ ಕತ್ತೆತ್ತಿದರೆ ಮೇಲೆ ಕೂತಿರುವುದು ಭೀಮರಾಜ. ಮನುಷ್ಯರಿಗೇ ಹೀಗಾದರೆ ಯಂತ್ರಕ್ಕೂ ಆಗುತ್ತದೆ. ಅದಕ್ಕೇ ಯಂತ್ರ ಹೇಳಿದ್ದರಲ್ಲಿ ಒಂದು ಪಾಲನ್ನು ತಿಳಿದವರು ಕೂತು ಮತ್ತೆ ಕೇಳಿ ಪರೀಕ್ಷಿಸುತ್ತಾರೆ.

ಜೋಳದ ರಾಶಿ ಮತ್ತು ಬೆಟ್ಟ

ಈಗ ಹವಾಮಾನದ ಮಾತು. ಬೆಟ್ಟ ಹತ್ತಿದಂತೆ ತಂಪು ಹೆಚ್ಚುತ್ತದೆ. ಪ್ರತಿ 1,000 ಮೀಟರಿಗೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಒಂದು ಎತ್ತರದ ತಂಪಿಗೆ ಒಗ್ಗಿದ ಹಕ್ಕಿಗೆ ಅಲ್ಲಿ ಒಂದು ಡಿಗ್ರಿ ಬಿಸಿ ಹೆಚ್ಚಿದರೆ, ಹಳೆಯ ತಂಪು ಮತ್ತೆ ಸಿಗಲು ಸುಮಾರು 160 ಮೀಟರ್ ಮೇಲೆ ಹೋಗಬೇಕು. ಹಕ್ಕಿಗೆ ರೆಕ್ಕೆ ಇದೆ, ಹೋದರಾಯಿತು ಅನ್ನಿಸಬಹುದು.

ಕಣದಲ್ಲಿ ಸುರಿದ ಜೋಳದ ರಾಶಿ ನೆನಪಿಸಿಕೊಳ್ಳಿ. ಬುಡ ಅಗಲ, ತುದಿ ಚೂಪು. ರಾಶಿಯ ಅರ್ಧ ಎತ್ತರದಲ್ಲಿ ಅಡ್ಡಲಾಗಿ ಕೊಯ್ದರೆ ಸಿಗುವ ಜಾಗ ಬುಡದ ಅರ್ಧವಲ್ಲ, ಕಾಲು ಭಾಗ. ಮುಕ್ಕಾಲು ಎತ್ತರಕ್ಕೆ ಹೋದರೆ ಹದಿನಾರರಲ್ಲಿ ಒಂದು ಭಾಗ. ಬೆಟ್ಟವೂ ಹೆಚ್ಚು ಕಡಿಮೆ ಹಾಗೇ. ಮೇಲೆ ಹೋದಷ್ಟೂ ಕಾಡು ಕಡಿಮೆ. ತುದಿ ಮುಟ್ಟಿದ ಮೇಲೆ ಹೋಗಲು ಜಾಗವೇ ಇಲ್ಲ.

ಮತ್ತೆ ಒಂದು ಕಾಲ್ಪನಿಕ ಲೆಕ್ಕ. 600ರಿಂದ 800 ಮೀಟರ್ ಎತ್ತರದಲ್ಲಿ 5,000 ಹೆಕ್ಟೇರ್ ಕಾಡು, ಹೆಕ್ಟೇರಿಗೆ ಒಂದು ಹಕ್ಕಿ. ಅದರ ಮೇಲಿನ 200 ಮೀಟರಿನಲ್ಲಿ 2,000 ಹೆಕ್ಟೇರ್, ಹೆಕ್ಟೇರಿಗೆ ಎರಡು. ಅದಕ್ಕೂ ಮೇಲೆ 500 ಹೆಕ್ಟೇರ್, ಹೆಕ್ಟೇರಿಗೆ ಮೂರು. ಕೂಡಿಸಿದರೆ 10,500 ಹಕ್ಕಿ. ಬಿಸಿ ಹೆಚ್ಚಿ ಎಲ್ಲವೂ ಒಂದು ಮೆಟ್ಟಿಲು ಮೇಲೆ ಸರಿಯಿತು ಅನ್ನಿ. ಕೆಳಗಿನ ಮೆಟ್ಟಿಲು ಖಾಲಿ. ನಡುವಿನ 2,000 ಹೆಕ್ಟೇರಿನಲ್ಲಿ ಈಗ ಹೆಕ್ಟೇರಿಗೆ ಒಂದು. ತುದಿಯ 500 ಹೆಕ್ಟೇರಿನಲ್ಲಿ ಎರಡು. ಒಟ್ಟು 3,000. ಒಂದು ಮರವನ್ನೂ ಕಡಿದಿಲ್ಲ, ನಕ್ಷೆಯಲ್ಲಿ ಕಾಡು ಹಾಗೇ ಹಸಿರಾಗಿದೆ, ಹಕ್ಕಿ ಮಾತ್ರ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಕಾಡಿನ ವಿಸ್ತೀರ್ಣ ನೋಡಿದರೆ ಸಾಲದು, ಎತ್ತರಕ್ಕೆ ತಕ್ಕಂತೆ ಹಕ್ಕಿ ಎಣಿಸಬೇಕು ಅನ್ನುವುದು ಇದಕ್ಕೇ.

ಇಂಥ ಕೆಲಸ ಗಟ್ಟಿಯಾಗಿ ನಡೆದಿರುವ ಜಾಗಗಳಲ್ಲಿ ಒಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮಳೆಕಾಡು. 1988ರಿಂದ ಅದು ವಿಶ್ವ ಪರಂಪರೆಯ ತಾಣ. ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಸ್ಟೀಫನ್ ವಿಲಿಯಮ್ಸ್ ಮತ್ತು ಜೊತೆಗಾರರು ಅಲ್ಲಿ ತಗ್ಗಿನಿಂದ ತುದಿಯವರೆಗೆ ಬೇರೆ ಬೇರೆ ಎತ್ತರಗಳಲ್ಲಿ ವರ್ಷಗಟ್ಟಲೆ ಹಕ್ಕಿ ಎಣಿಸಿದರು. 2000ದಿಂದ 2016ರವರೆಗಿನ ಲೆಕ್ಕವನ್ನು 2021ರಲ್ಲಿ ಪ್ರಕಟಿಸಿದರು. ಎತ್ತರದ ಕಾಡಿಗಷ್ಟೇ ಸೀಮಿತವಾದ ಹಕ್ಕಿಗಳು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿದ್ದವು. ಅದೇ ಹೊತ್ತಿಗೆ ತಗ್ಗಿನ ಹಕ್ಕಿಗಳು ಮೇಲಿನ ಕಾಡಿನಲ್ಲಿ ಹೆಚ್ಚಾಗಿದ್ದವು. ಬರೀ ತುದಿಯಲ್ಲಿ ಕೂತು ಎಷ್ಟು ಜಾತಿ ಅಂತ ಎಣಿಸುವವರಿಗೆ ಪಟ್ಟಿ ಉದ್ದವಾಗುತ್ತಿರುವಂತೆ ಕಾಣಬಹುದು. ಮೊದಲಿನಿಂದ ಅಲ್ಲೇ ಇದ್ದ ಹಕ್ಕಿಗಳು ಸೋಲುತ್ತಿರುವುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಅದೇ ಕಾಡಿನಲ್ಲಿ ಚಿನ್ನದ ಬಣ್ಣದ ಒಂದು ಬೋವರ್ ಹಕ್ಕಿ ಇದೆ. ಗಂಡು ಕಡ್ಡಿ ಜೋಡಿಸಿ ಚಪ್ಪರದಂಥದ್ದು ಕಟ್ಟಿ, ಹೂ ಮತ್ತು ಕಲ್ಲುಹೂವಿನಿಂದ ಸಿಂಗರಿಸಿ ಹೆಣ್ಣನ್ನು ಕರೆಯುತ್ತದೆ. ಬೆಟ್ಟದ ಮೇಲಿನ ತಂಪು ಕಾಡೇ ಅದಕ್ಕೆ ಬೇಕು. ಬಿಸಿ 3 ಡಿಗ್ರಿ ಏರಿದರೆ ಅದಕ್ಕೆ ತಕ್ಕ ಜಾಗ ಹೆಚ್ಚು ಕಡಿಮೆ ಉಳಿಯುವುದೇ ಇಲ್ಲ ಅಂತ 2004ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ದಕ್ಷಿಣ ಅಮೆರಿಕದ ಪೆರು ದೇಶದ ಪಾಂಟಿಯಾಕೊಯಾ ಬೆಟ್ಟದಲ್ಲಿ 1985ರಲ್ಲಿ ಮಾಡಿದ ಸಮೀಕ್ಷೆಯನ್ನು 2017ರಲ್ಲಿ ಮತ್ತೆ ಮಾಡಿದರು. ಅಷ್ಟರಲ್ಲಿ ಬಿಸಿ ಏರಿದ್ದು ಅರ್ಧ ಡಿಗ್ರಿಗಿಂತ ಕಡಿಮೆ. ತುದಿಯಲ್ಲಿ ಹಿಂದೆ ಸಾಮಾನ್ಯವಾಗಿದ್ದ ಹಲವು ಜಾತಿಗಳು ಸಿಗಲೇ ಇಲ್ಲ.

ನಮ್ಮ ಪಶ್ಚಿಮ ಘಟ್ಟದಲ್ಲಿ ಬಾಬಾಬುಡನ್‌ಗಿರಿಯಿಂದ ನೀಲಗಿರಿವರೆಗಿನ ಎತ್ತರದ ಶೋಲಾ ಕಾಡುಗಳಲ್ಲಿ ಶೋಲಾಕಿಲಿ ಎಂಬ ಪುಟ್ಟ ನೀಲಿ ಹಕ್ಕಿ ಇದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ಮೇಲೆ ಮೆಟ್ಟಿಲಿಲ್ಲ. ನಮಗೆ ಹತ್ತಿರದ ಕಣಕುಂಬಿ, ದಾಂಡೇಲಿ ಕಡೆಯ ಬೆಟ್ಟಗಳಂತೂ ಇನ್ನೂ ತಗ್ಗು.

ಹಕ್ಕಿ ಕಡಿಮೆಯಾಯಿತೋ, ಹಾಡು ಕಡಿಮೆಯಾಯಿತೋ?

ಇಲ್ಲಿ ಒಂದು ಸೂಕ್ಷ್ಮವಿದೆ. ಸುದ್ದಿಗಳಲ್ಲಿ ಇದು ಬರುವುದೇ ಇಲ್ಲ. ಹವಾಮಾನ ಬದಲಾದರೆ ಹಕ್ಕಿಯ ಸಂಖ್ಯೆ ಮಾತ್ರವಲ್ಲ, ಹಕ್ಕಿ ನಮಗೆ ಸಿಗುವ ಸಾಧ್ಯತೆಯೂ ಬದಲಾಗುತ್ತದೆ.

ಘಟ್ಟದ ಎಷ್ಟೋ ಹಕ್ಕಿಗಳು ಮುಂಗಾರಿಗೆ ಮೊದಲೇ ಗೂಡು ಕಟ್ಟುತ್ತವೆ. ಆಗ ಜೋರಾಗಿ ಹಾಡುತ್ತವೆ. ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ಎಣಿಸುವ ರೂಢಿ ಇದೆ ಅಂತಿಟ್ಟುಕೊಳ್ಳಿ. ಒಂದು ವರ್ಷ ಬಿಸಿಲು ಬೇಗ ಏರಿ ಹಾಡು ಮಾರ್ಚಿನಲ್ಲೇ ಮುಗಿದರೆ? ಏಪ್ರಿಲಿನಲ್ಲಿ ಹೋದವರಿಗೆ ಕಾಡು ಮೌನ. ಹಕ್ಕಿ ಅಲ್ಲೇ ಇವೆ, ಮರಿಗೆ ಉಣಿಸುತ್ತಿವೆ. ಬಿಸಿ ಹೆಚ್ಚಿದ ದಿನ ಹಕ್ಕಿಗಳು ಬೆಳಗ್ಗೆ ಬೇಗ ಸುಮ್ಮನಾಗುವುದೂ ಉಂಟು. ಆಗ ಏಳು ಗಂಟೆಯ ಎಣಿಕೆಗೂ ಒಂಬತ್ತರ ಎಣಿಕೆಗೂ ತಾಳೆಯಾಗುವುದಿಲ್ಲ.

ಆದ್ದರಿಂದ ದಿನ, ಹೊತ್ತು, ಮೋಡ, ಗಾಳಿ, ಯಾರು ಎಣಿಸಿದರು ಎಲ್ಲವನ್ನೂ ಬರೆದಿಡುತ್ತಾರೆ. ಒಂದೇ ಋತುವಿನಲ್ಲಿ ಹಲವು ಸಲ ಹೋಗುತ್ತಾರೆ. ಕೇಣಿಯ ಹಿರಿಯರೂ ಅಷ್ಟೇ ಅಲ್ವಾ? ಎಲೆ ದಟ್ಟ ಇರುವ ಗಿಡಕ್ಕೆ ಒಂದು ಲೆಕ್ಕ, ತೆಳುವಾದ ಗಿಡಕ್ಕೆ ಇನ್ನೊಂದು ಲೆಕ್ಕ.

ಊರವರ ಪಟ್ಟಿಯಿಂದ ಏನು ತಿಳಿಯುತ್ತದೆ?

ಎಲ್ಲ ಕಾಡಿಗೂ ವಿಜ್ಞಾನಿಗಳು ಹೋಗಲಾಗುವುದಿಲ್ಲ. 2002ರಲ್ಲಿ ಶುರುವಾದ ಇಬರ್ಡ್ ಎಂಬ ವ್ಯವಸ್ಥೆಗೆ ಯಾರು ಬೇಕಾದರೂ ತಾವು ಕಂಡ ಹಕ್ಕಿಗಳ ಪಟ್ಟಿ ಕೊಡಬಹುದು. 'ಭಾರತದ ಹಕ್ಕಿಗಳ ಸ್ಥಿತಿಗತಿ 2023' ವರದಿ ನಿಂತಿರುವುದು ಸುಮಾರು 30,000 ಹಕ್ಕಿ ವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳ ಮೇಲೆ.

ಇದರಲ್ಲಿ ಒಟ್ಟು ಸಂಖ್ಯೆ ಸಿಗುವುದಿಲ್ಲ. ಬೇರೆ ಒಂದು ಅಳತೆ ಸಿಗುತ್ತದೆ: ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಈ ಹಕ್ಕಿಯ ಹೆಸರಿದೆ? ಹಿಂದೆ ನೂರರಲ್ಲಿ ನಲವತ್ತು ಪಟ್ಟಿಗಳಲ್ಲಿ ಇದ್ದದ್ದು ಈಗ ಇಪ್ಪತ್ತರಲ್ಲಿ ಇದ್ದರೆ ಅದು ಇಳಿಮುಖ. ವರದಿ 942 ಜಾತಿಗಳನ್ನು ನೋಡಿತು. ದೀರ್ಘಕಾಲದ ಏರಿಳಿತ ಹೇಳುವಷ್ಟು ಮಾಹಿತಿ ಸಿಕ್ಕಿದ್ದು 338ಕ್ಕೆ ಮಾತ್ರ. ಅವುಗಳಲ್ಲಿ ನೂರಕ್ಕೆ 60 ಇಳಿದಿವೆ. ಉಳಿದ ಸುಮಾರು 600 ಜಾತಿಗಳ ಬಗ್ಗೆ ಮೌನ ಯಾಕೆ ಅಂದರೆ, ಪಟ್ಟಿಗಳು ಹೆಚ್ಚು ಬರುವುದು ಊರು, ಕೆರೆ, ರಸ್ತೆ ಪಕ್ಕದಿಂದ. ಮಳೆಗಾಲದ ದಟ್ಟ ಕಾಡಿನಿಂದ ಬರುವುದು ಬಹಳ ಕಡಿಮೆ.

ಒಂದು ಸಂಖ್ಯೆಯಲ್ಲ, ಒಂದು ವ್ಯಾಪ್ತಿ

ಕಡಲೆ ಡಬ್ಬಿಗೆ ಎರಡನೇ ಸಲ ಬೇರೆ ಉತ್ತರ ಬಂತು ಅಂದೆನಲ್ಲ. ಹಕ್ಕಿಗೂ ಹಾಗೇ. ಅದಕ್ಕೇ ಅಂದಾಜನ್ನು "900ರಿಂದ 1,300ರ ನಡುವೆ" ಅಂತ ಕೊಡುತ್ತಾರೆ. ಇದು ಕೆಲಸದ ದೋಷವಲ್ಲ, ಪ್ರಾಮಾಣಿಕತೆ. ಐದು ವರ್ಷದ ನಂತರ 800ರಿಂದ 1,200 ಅಂತ ಬಂದರೆ ಇಳಿದಿದೆ ಅನ್ನಲಾಗದು. ಎರಡು ವ್ಯಾಪ್ತಿಗಳೂ ಒಂದರ ಮೇಲೊಂದು ಕೂತಿವೆ. 300ರಿಂದ 500 ಅಂತ ಬಂದರೆ ಅನುಮಾನವಿಲ್ಲ. ಪತ್ರಿಕೆಯಲ್ಲಿ ಸಂಖ್ಯೆ ಓದುವಾಗ ಪಕ್ಕದಲ್ಲಿ ಈ ವ್ಯಾಪ್ತಿ ಇದೆಯೇ ಅಂತ ನೋಡಿ.

ಈ ಸಂಖ್ಯೆಗಳ ಮೇಲೆ ನಿರ್ಧಾರಗಳು ನಿಲ್ಲುತ್ತವೆ. ಜೀವಿಗಳ ಅಳಿವಿನ ಅಪಾಯ ಹೇಳುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯ ನಿಯಮದಲ್ಲಿ ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಜಾಸ್ತಿಯೋ ಅಷ್ಟರಲ್ಲಿ ನೂರಕ್ಕೆ 30 ಇಳಿದರೆ ಒಂದು ಮಟ್ಟದ ಅಪಾಯ, 50 ಇಳಿದರೆ ಅದಕ್ಕಿಂತ ಹೆಚ್ಚು, 80 ಇಳಿದರೆ ತೀರ ಗಂಭೀರ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮಲಬಾರ್ ಬೂದು ಮಂಗಟ್ಟೆ ಈಗ ಆ ಪಟ್ಟಿಯಲ್ಲಿ ಅಪಾಯದ ಮೊದಲ ಮೆಟ್ಟಿಲಲ್ಲಿದೆ. ಎಣಿಕೆ ಇಲ್ಲದ ಹಕ್ಕಿಗೆ ಸರಿಯಾದ ಮೆಟ್ಟಿಲು ಹೇಳುವುದು ಕಷ್ಟ.

ಬಯಲುಸೀಮೆಯವರಾದ ನಮಗೆ ಇದರ ನೋವು ಗೊತ್ತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿ ಇತ್ತು. ಎದೆಮಟ್ಟ ಎತ್ತರದ, ಬಯಲಲ್ಲಿ ಗಾಂಭೀರ್ಯದಿಂದ ನಡೆಯುವ ಹಕ್ಕಿ. ಕೃಷ್ಣಮೃಗಗಳು ಈಗಲೂ ಇವೆ. ಎರೆಭೂತ ಅಲ್ಲಿ ಕಾಣುವುದಿಲ್ಲ.

ನೀವು ಒಂದು ಪಟ್ಟಿ ಬರೆಯುವುದಾದರೆ

ಕೆಲಗೇರಿ, ಸಾಧನಕೇರಿ, ಉಣಕಲ್ ಕೆರೆ, ನಿಮ್ಮ ಹೊಲದ ಬದು, ಎಲ್ಲಾದರೂ ಆಗಬಹುದು. ದಾಂಡೇಲಿಗೆ ಪ್ರವಾಸ ಹೋದಾಗ ಆದರೆ ಇನ್ನೂ ಒಳ್ಳೆಯದು, ದಟ್ಟ ಕಾಡಿನ ಪಟ್ಟಿ ಕಡಿಮೆ. ಹದಿನೈದು ನಿಮಿಷ ಒಂದೇ ಕಡೆ ನಿಲ್ಲಿ. ಗುರುತು ಸಿಕ್ಕ ಎಲ್ಲ ಹಕ್ಕಿಯನ್ನೂ ಬರೆಯಿರಿ. ಕಾಗೆ, ಗುಬ್ಬಿ, ಗೊರವಂಕ ಅಂತ ಬಿಡಬೇಡಿ. ಅಪರೂಪದ್ದನ್ನಷ್ಟೇ ಬರೆದ ಪಟ್ಟಿಯಿಂದ "ಕಾಣಲಿಲ್ಲ" ಎಂಬ ಮಾಹಿತಿ ಸಿಗುವುದಿಲ್ಲ. ಎಷ್ಟು ಗಂಟೆಗೆ ಶುರು, ಎಷ್ಟು ಹೊತ್ತು ನಿಂತಿರಿ ಅಂತ ಸೇರಿಸಿ. ಗುರುತು ಸಿಗದ್ದನ್ನು ಊಹಿಸಿ ಬರೆಯಬೇಡಿ.

ಅವತ್ತು ಪ್ರಶ್ನೆ ಕೇಳಿದ ಪರಿಚಯದವರು ವಾಕಿಂಗ್ ಬಿಟ್ಟು ನಮ್ಮೊಡನೆ ಹದಿನೈದು ನಿಮಿಷ ನಿಂತರು. ಹದಿನಾಲ್ಕು ಜಾತಿ ಆದವು. ಕೊನೆಗೆ ಅತ್ತಿಯ ಗಿಡದ ಕಡೆ ಬೆರಳು ತೋರಿಸಿ, "ಅಲ್ಲಿ ಕೋಗಿಲ ಕೂಗಿತಲ್ರೀ, ಕಾಣಲಿಲ್ಲ. ಅದನ್ನ ಬರೀಬಹುದೇನು?" ಅಂದರು. ಬರೆದುಕೊಂಡೆವು. ಹದಿನೈದು.